‘ಸಾಕು’ ಎಂಬ ಮಾತಿಲ್ಲದ ರಾಜ್ಯ

ನನ್ನ ಅವ್ವನಿಗೆ ಚೆನ್ನಾಗಿ ಗೊತ್ತಿದ್ದೂ ಬಾಯಿಬಿಟ್ಟು ಹೇಳಲಾಗದ ಒಂದು ಪದವಿತ್ತು. ಅದು ಅಪ್ಪನ ಹೆಸರು.

ತೊಂಬತ್ತರ ದಶಕದ ಆರಂಭದಲ್ಲಿ ನಾವು ಕಲಬುರಗಿ ಕಡೆಯಿಂದ ಬಂದು ರಾಮಮೂರ್ತಿ ನಗರದ ಒಂದು ವಠಾರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆವು. ಅಪ್ಪನದು ಗಾರೆ ಕೆಲಸ. ಅವ್ವ ಇಂದಿರಾನಗರದ ಮನೆಗಳಿಗೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ರೇಷನ್ ಕಾರ್ಡ್ ಮಾಡಿಸಬೇಕೆಂದು ಒಂದು ಬೆಳಿಗ್ಗೆ ಅವ್ವ ನನ್ನನ್ನು ಕರೆದುಕೊಂಡು ಕೆ.ಆರ್. ಪುರದ ಒಂದು ಸರ್ಕಾರಿ ಕಚೇರಿಗೆ ಹೋದಳು. ಉದ್ದನೆಯ ಸಾಲು. ನಮ್ಮ ಸರದಿ ಬಂದಾಗ ಗುಮಾಸ್ತ ತಲೆ ಎತ್ತದೆ ಕೇಳಿದ.

“ಯಜಮಾನ್ರ ಹೆಸರೇನಮ್ಮಾ?”

ಅವ್ವ ನನ್ನ ಕಡೆ ನೋಡಿದಳು. ನಾನು ಹೇಳಲು ಬಾಯಿ ತೆರೆದೆ. ಗುಮಾಸ್ತ ಕೈ ಅಡ್ಡ ಹಿಡಿದ. “ಮಗು ಹೇಳೋದು ಬೇಡ. ಅರ್ಜಿ ಹಾಕೋರು ನೀವು ತಾನೇ, ನೀವೇ ಹೇಳಿ.”

ಅವ್ವ ಸೆರಗು ಸರಿಮಾಡಿಕೊಂಡಳು. ಆಮೇಲೆ, ಊರಲ್ಲಿ ಮದುವೆ ಮನೆಯ ಅಂಗಳದಲ್ಲಿ ನಿಂತು ಹೇಳಿದ ಹಾಗೆ, ನಿಧಾನವಾಗಿ ಹೇಳಿದಳು.

“ಹಗಲಿಗಿ ಅಡಗತಾನ, ರಾತ್ರಿಗಿ ಮೂಡತಾನ,
ಹುಣ್ಣಿವಿ ದಿನ ತುಂಬಿ ಬೆಳಗತಾನ.
ಅಂವಗ ಶಿವಪ್ಪ ಎಲ್ಲಿ ಇಟ್ಟಾನ?
ಅದ ನಮ್ಮ ಮನಿಯವರ ಹೆಸರ, ಹೇಳ್ರಿ ನೋಡೋಣ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಗುಮಾಸ್ತ ಪೆನ್ನು ಕೆಳಗಿಟ್ಟ. ಹಿಂದಿನಿಂದ ಯಾರೋ ಒಂದು ಹೆಸರು ಹೇಳಿದರು, ಅವ್ವ ಅಲ್ಲವೆಂದು ತಲೆಯಾಡಿಸಿದಳು. ಇನ್ನೊಬ್ಬರು ಇನ್ನೊಂದು ಹೇಳಿದರು. ಕೊನೆಗೆ ಗುಮಾಸ್ತನೇ ಸರಿಯಾದ ಹೆಸರು ಹೇಳಿದ. ಅವ್ವ ಹೌದೆಂದಳು, ಅವನು ಬರೆದುಕೊಂಡ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದು ಮುಖ ಬಿಸಿಯಾಗಿತ್ತು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಹೇಳಲೇಬೇಕಾದರೆ ಒಡಪು ಹಾಕಿ ಹೇಳುತ್ತಾರೆ. ಹೊಸ ಮದುವಣಗಿತ್ತಿ ಹೊಸ್ತಿಲಿಗೆ ಬಂದಾಗ ನಾದಿನಿಯರು ಅಡ್ಡ ನಿಂತು, “ಹೆಸರ ಹೇಳು, ಒಳಗ ಬಿಡ್ತೀವಿ” ಎನ್ನುತ್ತಾರೆ. ಅವಳು ಎರಡು ಸಾಲು ಪದ್ಯ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿದರೆ ದಾರಿ ಬಿಡುತ್ತಾರೆ. ಅವ್ವನ ತವರಿನಲ್ಲಿ ಈ ಪದ್ಧತಿ ಇನ್ನೂ ಬಿಗಿ. ಅಲ್ಲಿ ಒಡಪಿನೊಳಗೂ ಹೆಸರು ಬರಬಾರದು. ಸುತ್ತಿ ಬಳಸಿ, ಕೇಳುವವರ ಬಾಯಿಂದಲೇ ಅದನ್ನು ಹೊರಡಿಸಬೇಕು.

ಬಸ್ಸಿನಲ್ಲಿ ಬರುವಾಗ ಕೇಳಿದೆ. “ಹೆಸರು ಹೇಳಿದ್ರ ಏನಾಗ್ತದ?”

“ಗಂಡನ ಆಯುಷ್ಯ ಕಮ್ಮಿ ಆಗ್ತದ.”

“ಅಪ್ಪ ದಿನಾ ನಿನ್ನ ಹೆಸರು ಹಿಡಿದು ಕರೀತಾನ. ನಿನ್ನ ಆಯುಷ್ಯ?”

“ನಂದು ಗಟ್ಟಿ ಅದ” ಎಂದು ಅವ್ವ ನಕ್ಕಳು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದಳು. “ನಾ ಹೇಳಲಿಲ್ಲ ಖರೆ. ಆದ್ರ ಹೇಳಿಸಿದೆ. ಆ ಕುರ್ಚಿ ಮ್ಯಾಲ ಕುಂತಾಂವನ ಬಾಯಾಗ ಬಂತು ಇಲ್ಲೋ?”

ಆಗ ನನಗೆ ಅದು ಸೋತವರು ಹೇಳಿಕೊಳ್ಳುವ ಸಮಾಧಾನದ ಮಾತಿನಂತೆ ಕೇಳಿಸಿತ್ತು.

ಪಿಯುಸಿ ಮುಗಿಸಿದ ಮೇಲೆ ನಾನು ಕೆ.ಆರ್. ಪುರದಿಂದಾಚೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿದೆ. ಶರ್ಟಿನ ಕಾಲರ್ ಹೊಲಿಯುವುದು ನನ್ನ ಕೆಲಸ. ಫ್ಯಾಕ್ಟರಿಯಲ್ಲಿ ಮಾತಾಡುವಂತಿರಲಿಲ್ಲ. ಪಕ್ಕದ ಮಿಷನ್ನಿನವಳ ಕಡೆ ತಿರುಗಿದರೆ ಸೂಪರ್‌ವೈಸರ್ ಬಂದು ನಿಲ್ಲುತ್ತಿದ್ದ. ಅದಕ್ಕಿಂತ ನನ್ನನ್ನು ಕೆಣಕಿದ್ದು ಅಲ್ಲಿನ ಪದಗಳು. ಸಂಜೆ ಪಾಳಿ ಮುಗಿದ ಮೇಲೂ ಕೂರಿಸಿಕೊಂಡು ಹೊಲಿಸುವುದಕ್ಕೆ ‘ಕೋಆಪರೇಷನ್’ ಎಂದು ಹೆಸರು. ಬೈಗುಳಕ್ಕೆ ‘ಮೋಟಿವೇಷನ್’. ಕೆಲಸದಿಂದ ತೆಗೆದುಹಾಕಿದವಳ ಬಗ್ಗೆ ಕೇಳಿದರೆ ‘ಅವಳೇ ಬಿಟ್ಟು ಹೋದಳು’. ಮೊದಮೊದಲು ನಾವು ಈ ಪದಗಳನ್ನು ಅಣಕಿಸಿ ನಗುತ್ತಿದ್ದೆವು. ಒಂದು ದಿನ ಮನೆಗೆ ತಡವಾಗಿ ಬಂದಾಗ ಅಪ್ಪ ಯಾಕೆ ಎಂದು ಕೇಳಿದ. “ಇವತ್ತು ಕೋಆಪರೇಷನ್ ಇತ್ತು” ಎಂದು ನಾನೇ ಸಹಜವಾಗಿ ಹೇಳಿದೆ. ಹೇಳಿದ ಮೇಲೆ ನನ್ನ ನಾಲಗೆಯನ್ನು ಯಾರೋ ಬಾಡಿಗೆಗೆ ಹಿಡಿದಿದ್ದಾರೆ ಅನ್ನಿಸಿ ಹೇಸಿಗೆಯಾಯಿತು.

ಆ ದಿನಗಳಲ್ಲಿ ನನಗಿದ್ದ ಒಂದೇ ಚಟ ಪುಸ್ತಕ. ಭಾನುವಾರ ಬಸ್ಸು ಹಿಡಿದು ಶಿವಾಜಿನಗರಕ್ಕೆ ಹೋಗುತ್ತಿದ್ದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕರು ಹಳೆಯ ಪುಸ್ತಕಗಳನ್ನು ಗೋಣಿಯ ಮೇಲೆ ಹರಡಿಕೊಂಡು ಕೂರುತ್ತಿದ್ದರು. ಒಂದು ಕಡೆ ಮಾಂಸದಂಗಡಿ, ಇನ್ನೊಂದು ಕಡೆ ಬಟ್ಟೆ ತುಂಡುಗಳ ರಾಶಿ, ನಡುವೆ ಇವರು. ಮನೆ ಮಾತು ಉರ್ದು, ಅಕ್ಕಪಕ್ಕದವರೊಡನೆ ತಮಿಳು, ನನ್ನೊಡನೆ ಕನ್ನಡ.

“ಇದ್ಕೆ ಮುಖ ಇಲ್ಲ, ಬಾಲ ಇಲ್ಲ. ಯಾರೂ ತಗೋಳಲ್ಲ. ನೀನು ತಗೊಂಡ್ ಹೋಗಮ್ಮ” ಎಂದು ಒಂದು ಭಾನುವಾರ ಒಂದು ಕಾದಂಬರಿ ಕೊಟ್ಟರು. ರಟ್ಟೂ ಮೊದಲ ಹಾಳೆಗಳೂ ಕೊನೆಯ ಹಾಳೆಗಳೂ ಕಿತ್ತುಹೋಗಿದ್ದವು. ಹೆಸರೇನು, ಬರೆದವರು ಯಾರು, ಒಂದೂ ತಿಳಿಯುವಂತಿರಲಿಲ್ಲ.

ಆ ಕಾದಂಬರಿಯ ದೇಶದಲ್ಲಿ ಮಾತುಗಳನ್ನೂ ರೇಷನ್ನಿನಲ್ಲಿ ಕೊಡುತ್ತಾರೆ. ಸರ್ಕಾರ ಪುಸ್ತಕಗಳನ್ನು ಸುಡುವುದಿಲ್ಲ, ಸುಟ್ಟರೆ ಹೊಗೆ ಕಾಣುತ್ತದೆ. ಅದು ಹಳೆಯ ಪದ್ಯಗಳನ್ನು ಮತ್ತೆ ಅಚ್ಚು ಹಾಕಿಸುತ್ತದೆ, ನಿಷೇಧಿಸಿದ ಪದ ಬಂದಲ್ಲಿ ಜಾಗ ಖಾಲಿ ಬಿಡುತ್ತದೆ. ಮಕ್ಕಳು ಖಾಲಿ ಜಾಗ ಬಂದಾಗ ಒಂದು ಉಸಿರು ತೆಗೆದುಕೊಂಡು ಮುಂದೆ ಓದುವುದನ್ನು ಕಲಿಯುತ್ತಾರೆ. ಒಂದು ತಲೆಮಾರು ಕಳೆಯುವ ಹೊತ್ತಿಗೆ ಅಲ್ಲಿ ಪದವಿತ್ತೆಂದು ಹೇಳುವವರೇ ಇರುವುದಿಲ್ಲ. ಇದನ್ನು ಓದುವಾಗ ನನಗೆ ಕಲ್ಪನೆಯ ದೇಶವೊಂದರ ಕಥೆ ಓದುತ್ತಿದ್ದೇನೆ ಅನ್ನಿಸಲೇ ಇಲ್ಲ. ನಮ್ಮ ಫ್ಯಾಕ್ಟರಿಯ ಹೊಲಿಗೆ ಲೈನಿನ ಬಗ್ಗೆ ಯಾರೋ ಬರೆದಿದ್ದಾರೆ ಅನ್ನಿಸಿತು.

ಆದರೆ ಆ ಪುಸ್ತಕದ ಮೇಲೆ ನನಗೆ ಸಿಟ್ಟೂ ಬಂತು. ಅದರ ನಾಯಕ ಒಬ್ಬ ಗುಮಾಸ್ತ. ಒಬ್ಬನೇ ಕೂತು ಕೊರಗುತ್ತಾನೆ, ಒಬ್ಬನೇ ಕದ್ದು ಓದುತ್ತಾನೆ, ಒಬ್ಬನೇ ಸಿಕ್ಕಿಬೀಳುತ್ತಾನೆ. ಆಮೇಲೆ ಇಂಥವೇ ಬೇರೆ ಕಥೆಗಳನ್ನೂ ಹುಡುಕಿ ಓದಿದೆ. ಎಲ್ಲದರಲ್ಲೂ ಸರ್ಕಾರ ಬಹಳ ಬುದ್ಧಿವಂತ, ಜನ ಬಹಳ ಪೆದ್ದರು. ಒಂದು ಪದ ಕಿತ್ತುಕೊಂಡರೆ ಅಷ್ಟು ದೊಡ್ಡ ದೇಶದಲ್ಲಿ ಒಬ್ಬಳಾದರೂ ಜಗಳಕ್ಕೆ ನಿಲ್ಲಬಾರದೇ ಎಂದು ಮುದುಕರೊಂದಿಗೆ ವಾದ ಮಾಡಿದೆ.

“ಕಿತ್ಹೋಗಿರೋ ಹಾಳೇಲಿ ನಿಂತಿರಬೌದು” ಎಂದರು ಅವರು. “ಇಲ್ಲ ಅಂದ್ರೆ ನೀನೇ ಬರಿ.”

ಬರೆಯುವ ಅವಕಾಶ ಬೇಗನೆ ಬಂತು. ಎರಡು ಸಾವಿರದ ಆಸುಪಾಸಿನ ಒಂದು ನವೆಂಬರ್. ನಮ್ಮ ಫ್ಯಾಕ್ಟರಿಯಲ್ಲಿ ರಾಜ್ಯೋತ್ಸವ ಮಾಡುವುದಿಲ್ಲವೆಂದು ಸುತ್ತಲಿನವರು ಆಕ್ಷೇಪ ಎತ್ತಿದ್ದರಿಂದ, ಆ ವರ್ಷ ಕ್ಯಾಂಟೀನ್ ಹಾಲಿನಲ್ಲಿ ದೊಡ್ಡದಾಗಿ ಮಾಡುವುದೆಂದು ತೀರ್ಮಾನವಾಯಿತು. ಮನೆಯವರನ್ನೂ ಕರೆತರಬಹುದು. ಡ್ಯಾನ್ಸು ಇದ್ದೇ ಇರುತ್ತದೆ, ಒಂದು ನಾಟಕವೂ ಇರಲಿ ಎಂದರು ಪರ್ಸನಲ್ ಆಫೀಸರ್. ನೇಮಕ, ರಜೆ, ವಜಾ ಎಲ್ಲ ಅವರ ಕೈಯಲ್ಲಿತ್ತು. ನಾನು ಬರೆಯುತ್ತೇನೆಂದು ಕೈ ಎತ್ತಿದೆ.

ನನ್ನ ನಾಟಕದ ರಾಜ ಮಾತುಗಳನ್ನು ರೇಷನ್ ಮಾಡುತ್ತಾನೆ. ಮೊದಲು ‘ಯಾಕೆ’ ಎಂಬುದನ್ನು ಕಿತ್ತುಕೊಳ್ಳುತ್ತಾನೆ. ಆಸ್ಥಾನದ ಕವಿಗಳಿಗೆ ‘ಹೌದು’, ‘ಇನ್ನೂ’, ‘ಬೇಕು’, ಈ ಮೂರರಲ್ಲೇ ಕಾವ್ಯ ಬರೆಯಲು ಅಪ್ಪಣೆಯಾಗುತ್ತದೆ, ಅವರು ಬರೆದು ಶಾಲು ಹೊದೆಸಿಕೊಳ್ಳುತ್ತಾರೆ. ಕೊನೆಗೆ ರಾಜ ‘ಸಾಕು’ ಎಂಬ ಮಾತನ್ನೇ ತೆಗೆದುಹಾಕುತ್ತಾನೆ. ಸಾಕು ಎನ್ನಲು ಬಾರದಿದ್ದರೆ ಯಾರೂ ಕೆಲಸ ನಿಲ್ಲಿಸುವುದಿಲ್ಲ ಎಂಬುದು ಅವನ ಲೆಕ್ಕ. ಕೊನೆಯಲ್ಲಿ ಒಬ್ಬ ಮುದುಕಿ ಸಭೆಗೆ ನುಗ್ಗಿ ದೊಡ್ಡ ಭಾಷಣ ಮಾಡಿ, ‘ಸಾಕು ಸಾಕು’ ಎಂದು ಕೂಗುತ್ತಾಳೆ, ರಾಜ ಓಡಿಹೋಗುತ್ತಾನೆ. ಬರೆದು ಮುಗಿಸಿದಾಗ ನನಗೆ ನಾನೇ ದೊಡ್ಡ ಲೇಖಕಿಯಾಗಿ ಕಂಡಿದ್ದೆ.

ಆಫೀಸರ್ ನಾಟಕವನ್ನು ಓದಿ ನನ್ನನ್ನೂ ರಾಜನ ಪಾರ್ಟು ಮಾಡುವ ಗೆಳತಿಯನ್ನೂ ಕರೆಸಿದರು. ಅವಳು ಹಲಸೂರಿನವಳು, ಮನೆಯಲ್ಲಿ ತಮಿಳು, ದೊಡ್ಡ ಗಂಟಲು, ಯಾರಿಗೂ ಹೆದರುವವಳಲ್ಲ.

“ಚೆನ್ನಾಗ್ ಬರ್ದಿದೀಯಮ್ಮ” ಎಂದರು ಅವರು. ಕೆಟ್ಟ ಮನುಷ್ಯರೇನಲ್ಲ, ಕನ್ನಡ ಪುಸ್ತಕ ಓದುವವರು. “ಒಂದೇ ಒಂದು ಪದ ತೆಗೆದ್ಬಿಡು. ‘ಸಾಕು’ ಅನ್ನೋದು ಬೇಡ.”

“ಸರ್, ರಾಜ ನಿಷೇಧ ಮಾಡೋದೇ ಅದನ್ನ. ಅದೇ ಇಲ್ದಿದ್ರೆ ನಾಟಕ ಎಲ್ಲಿರುತ್ತೆ?”

“ಬೇರೆ ಯಾವ್ದಾದ್ರೂ ಪದ ಇಟ್ಕೋ. ‘ಚಪ್ಪಲಿ’ ಅಂತಿಟ್ಕೋ. ಜನಕ್ಕೆ ನಗು ಬರುತ್ತೆ.”

ಅವರು ದನಿ ತಗ್ಗಿಸಿದರು. “ನೋಡು, ಹಾಲ್ ತುಂಬ ನಮ್ ಟೈಲರ್‌ಗಳು ಕೂತಿರ್ತಾರೆ. ಎದುರಿಗೆ ಮ್ಯಾನೇಜ್‌ಮೆಂಟ್‌ನೋರು. ನಮ್ ಹುಡುಗೀರೇ ವೇದಿಕೆ ಮೇಲೆ ನಿಂತ್ಕೊಂಡು ಸಾಕು ಸಾಕು ಅಂದ್ರೆ, ಅದು ನಾಟಕ ಆಗಲ್ಲ, ಸ್ಲೋಗನ್ ಆಗುತ್ತೆ. ನಂಗೂ ಅರ್ಥ ಆಗುತ್ತೆ ಕಣಮ್ಮ.”

ಅರ್ಥವಾಗಿತ್ತು, ನಿಜ. ನನ್ನ ನಾಟಕವನ್ನು ಅಷ್ಟು ಎಚ್ಚರದಿಂದ ಓದಿದವರು ಇನ್ನೊಬ್ಬರಿರಲಿಲ್ಲ. ಆ ಕಾದಂಬರಿ ನನಗೆ ಹೇಳದೆ ಬಿಟ್ಟಿದ್ದ ಸಂಗತಿ ಅಂದು ತಿಳಿಯಿತು. ಕತ್ತರಿ ಹಿಡಿದವನು ಓದು ಬಾರದವನಲ್ಲ, ಚೆನ್ನಾಗಿ ಓದುವವನು. ಅದಕ್ಕೇ ಅವನು ಸರಿಯಾದ ಜಾಗದಲ್ಲೇ ಕತ್ತರಿಸುತ್ತಾನೆ.

“ಪೋದುಂ ಅಂದ್ರೆ ಓಕೆನಾ ಸಾರ್?” ಎಂದಳು ಗೆಳತಿ, ಅದೇ ಪದವನ್ನು ತಮಿಳಿಗೆ ತಿರುಗಿಸಿ.

“ನಮ್ಮನೇಲೂ ತಮಿಳೇ ಮಾತಾಡೋದು. ಪೋದುಂ ಬೇಡ, ಉರ್ದು ‘ಬಸ್’ ಬೇಡ, ಯಾವ ಭಾಷೇಲೂ ಬೇಡ.” ಆಮೇಲೆ ನನ್ನ ಕಡೆ ತಿರುಗಿದರು. “ಆ ಪದ ವೇದಿಕೆ ಮೇಲಿಂದ ಬಂತೋ, ಬರೆದೋಳು ನೀನು. ಸೋಮವಾರದಿಂದ ಬರೋದು ಬೇಡ. ಮೊದ್ಲೇ ಹೇಳ್ಬಿಟ್ಟಿದೀನಿ.”

ಆ ವರ್ಷ ಅಪ್ಪ ಕಟ್ಟಡಕ್ಕೆ ಕಟ್ಟಿದ್ದ ಸಾರ್ವೆಯಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಮನೆಯಲ್ಲಿ ಮಲಗಿದ್ದ. ಮನೆ ನಡೆಯುತ್ತಿದ್ದದ್ದು ಅವ್ವನ ದುಡಿಮೆ ಮತ್ತು ನನ್ನ ಸಂಬಳದಿಂದ. ಪದ ಬಿಟ್ಟರೆ ನಾಟಕ ಸತ್ತಿತು, ಇಟ್ಟರೆ ಕೆಲಸ ಹೋಯಿತು. ದಾರಿಯುದ್ದಕ್ಕೂ ಕೈಲಾಗದ ಕೋಪದಲ್ಲಿ ನನ್ನ ಕಣ್ಣು ಉರಿಯುತ್ತಿತ್ತು.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದನ್ನೂ ನಾಟಕದ ಕಥೆಯನ್ನೂ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು, ಕೊನೆಗೆ ಮೂಗು ಮುರಿದಳು.

“ನಿನ್ನ ರಾಜ್ಯದಾಗ ಹೆಣಮಕ್ಕಳೇ ಇಲ್ಲೇನು?”

“ಮುದುಕಿ ಇದಾಳಲ್ಲ.”

“ಆಕಿ ಹೆಣಮಗಳಲ್ಲ, ಆಕಿ ಎಲೆಕ್ಷನ್ ಭಾಷಣ ಮಾಡಾಕಿ. ಒಂದು ಮಾತು ಆಡಬ್ಯಾಡ ಅಂದ್ರ ಸುಮ್ನ ಕೂಡೋದು ಇಲ್ಲಾ ಒದರಾಡೋದು, ಎರಡೇ ಏನು? ನಾ ಇಷ್ಟು ವರ್ಷ ಬಾಳೇ ಹ್ಯಾಂಗ ಮಾಡೀನಿ ಮತ್ತ? ಹೇಳಬ್ಯಾಡ ಅಂದಾರಲ್ಲ, ಹೇಳಬ್ಯಾಡ ಬಿಡು. ಹೇಳಿಸು.”

“ಯಾರ ಕಡಿಂದ?”

“ಬ್ಯಾಡ ಅಂದಾಂವನ ಕಡಿಂದ. ರಾಜನ್ನ ಉಣ್ಲಿಕ್ಕ ಕೂಡಿಸು. ಹೋಳಿಗಿ ನೀಡು. ನೀಡಿದ ಮ್ಯಾಲ ನೀಡು. ಅಂವ ಏನಂತ ಅಂತಾನ ನೋಡೋಣ.”

ನಾನು ನಗು ತಡೆಯಲಾರದೆ ನಕ್ಕೆ. ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ. ನಮ್ಮ ಕಡೆಯ ಊಟದ ಪಂಕ್ತಿಯಲ್ಲಿ ಕೂತು ಎದ್ದವರಿಗೆ ಗೊತ್ತು, ಸಾಕು ಎನ್ನದವನ ಎಲೆಗೆ ಬಡಿಸುವುದನ್ನು ಯಾರೂ ನಿಲ್ಲಿಸುವುದಿಲ್ಲ. ಒಂದು ಸಲ ಸಾಕು ಎಂದರೂ ನಿಲ್ಲಿಸುವುದಿಲ್ಲ. ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು, ಬೇಡಿಕೊಂಡು, ಮತ್ತೆ ಮತ್ತೆ ಹೇಳಬೇಕು.

ಆದರೂ ನನ್ನ ನಾಲಗೆ ಸುಮ್ಮನಿರಲಿಲ್ಲ. “ಇಷ್ಟೆಲ್ಲ ಹೇಳ್ತಿ, ನೀನೇ ಇನ್ನೂ ಅಪ್ಪನ ಹೆಸರು ಹೇಳಲ್ಲ. ನಮ್ಮ ಆಫೀಸರ್ ಒಂದು ಪದ ಕಿತ್ಕೊಂಡ್ರೆ ಸಿಟ್ಟು ಬರ್ತದ, ಊರು ನಿನ್ನ ಬಾಯಿಂದ ಕಿತ್ಕೊಂಡಿದ್ದಕ್ಕ ನಿನಗ ಸಿಟ್ಟು ಬರಲ್ಲೇನು?”

ಮೂಲೆಯಲ್ಲಿ ಮಲಗಿದ್ದ ಅಪ್ಪ ಕೆಮ್ಮಿದ. ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು, ನೀರು ಸವರಿದಳು, ಮಗುಚಿದಳು.

ನಾಟಕದ ಕೊನೆಯನ್ನು ಹರಿದು ಹಾಕಿ ಹೊಸದಾಗಿ ಬರೆದೆ. ಮುದುಕಿಯ ಭಾಷಣ ಹೋಯಿತು. ಅದರ ಬದಲು ರಾಜನ ಹುಟ್ಟುಹಬ್ಬದ ಊಟ ಬಂತು. ಬಡಿಸುವ ಹೆಂಗಸರು ಹೋಳಿಗೆ ಹಾಕುತ್ತಲೇ ಹೋಗುತ್ತಾರೆ. ತಾನೇ ಕಿತ್ತುಹಾಕಿದ ಪದ ಈಗ ರಾಜನಿಗೇ ಬೇಕು, ಹೇಳಿದರೆ ಅವನೇ ಅಪರಾಧಿ. ಕೈಸನ್ನೆ ಮಾಡಿದರೆ ಹೆಂಗಸರು, “ಅರ್ಥ ಆಗ್ಲಿಲ್ಲ ಪ್ರಭು, ಬಾಯ್ಬಿಟ್ಟು ಹೇಳಿ” ಎನ್ನುತ್ತಾರೆ. ಎಲೆ ತುಂಬಿ, ಮಡಿಲು ತುಂಬಿ, ರಾಜ ಹೋಳಿಗೆಯ ರಾಶಿಯ ಹಿಂದೆ ಅಡಗಿಹೋಗುತ್ತಾನೆ. ಇಡೀ ನಾಟಕದಲ್ಲಿ ‘ಸಾಕು’ ಎಂಬ ಪದವನ್ನು ಯಾರೂ ಆಡುವುದಿಲ್ಲ. ರಾಜ ಅದನ್ನು ನಿಷೇಧಿಸುವಾಗಲೂ ಡಂಗುರದವಳು, “ಆ ಮಾತು ಇನ್ಮೇಲೆ ಇಲ್ಲ” ಎಂದಷ್ಟೇ ಸಾರಿ, ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು ತೋರಿಸುತ್ತಾಳೆ.

ಆಫೀಸರ್ ಹೊಸ ಪ್ರತಿಯನ್ನು ಹುಡುಕಿ ಹುಡುಕಿ ಓದಿದರು. ಪದ ಎಲ್ಲೂ ಸಿಗಲಿಲ್ಲ. ಒಪ್ಪಿಗೆ ಕೊಟ್ಟರು.

ಭಾನುವಾರಗಳಂದು ನಮ್ಮ ವಠಾರದ ಅಂಗಳದಲ್ಲೇ ಅಭ್ಯಾಸ ನಡೆಯಿತು. ಅವ್ವ ಬಾಗಿಲಲ್ಲಿ ಕೂತು ನೋಡುತ್ತ, ಬಡಿಸುವ ಹುಡುಗಿಯರ ಕೈ ಸರಿಯಿಲ್ಲವೆಂದು ಬೈಯುತ್ತಿದ್ದಳು. “ಹಂಗ ಅಂಜಿಕೋತ ನೀಡಬ್ಯಾಡ. ಬ್ಯಾಡ ಅನ್ನೋದರಾಗ ಬಿದ್ದಿರಬೇಕು ಹೋಳಿಗಿ.” ಕಾರ್ಯಕ್ರಮದ ಹಿಂದಿನ ದಿನ ಬಡಿಸುವವರಲ್ಲಿ ಒಬ್ಬಳಿಗೆ ಜ್ವರ ಬಂತು. ಅಷ್ಟು ಹೊತ್ತಿಗೆ ಇಡೀ ನಾಟಕ ಬಾಯಿಪಾಠವಾಗಿದ್ದದ್ದು ಅವ್ವನೊಬ್ಬಳಿಗೇ. ಹೋಳಿಗೆ ಮಾಡಿದವಳೂ ಅವಳೇ. ಹಾಗಾಗಿ ಆ ಪಾತ್ರ ಅವಳಿಗೇ ಬಂತು.

ಕ್ಯಾಂಟೀನ್ ಹಾಲು ತುಂಬಿ, ಕಿಟಕಿಗಳಲ್ಲೂ ಜನ ನಿಂತಿದ್ದರು. ಕಲಬುರಗಿ, ರಾಯಚೂರು, ಬೀದರಿನ ಹೆಂಗಸರು, ಬಾಣಸವಾಡಿ ಕಡೆಯ ಹಳೆಯ ಹಳ್ಳಿಗಳವರು, ಕಂಟೋನ್ಮೆಂಟಿನ ತಮಿಳು, ಉರ್ದು ಮನೆಗಳವರು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಮ್ಯಾನೇಜರರು, ನಡುವೆ ಪರ್ಸನಲ್ ಆಫೀಸರ್. ಅವರ ಕೈಗೆ ಲಾಡು, ಖಾರದ ಪೇಪರ್ ತಟ್ಟೆ ಕೊಟ್ಟಿದ್ದರು. ನಾನು ಪರದೆಯ ಬದಿಯಲ್ಲಿ ನಿಂತು ಪ್ರತಿಯೊಬ್ಬರ ಬಾಯನ್ನೇ ನೋಡುತ್ತಿದ್ದೆ. ಯಾರ ಬಾಯಿ ತಪ್ಪಿದರೂ ನನ್ನ ಕೆಲಸ ಹೋಗುತ್ತಿತ್ತು, ಮನೆಯ ಬಾಡಿಗೆಯೂ ಅದರ ಜೊತೆಗೆ.

ಡಂಗುರದವಳು ಅಂಗೈ ಅಡ್ಡ ಹಿಡಿದಾಗಲೇ ಹಾಲಿನಲ್ಲಿ ಗುಜುಗುಜು ಎದ್ದಿತು. ಎಲ್ಲರಿಗೂ ಯಾವ ಪದವೆಂದು ಗೊತ್ತಾಗಿತ್ತು. ಆಸ್ಥಾನಕವಿಗಳು “ಹೌದು ಹೌದು, ಇನ್ನೂ ಬೇಕು” ಎಂದು ರಾಗವಾಗಿ ಹಾಡಿದಾಗ ನಮ್ಮ ಲೈನಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಊಟದ ದೃಶ್ಯ ಬಂತು. ಹೋಳಿಗೆ ಬಿದ್ದವು, ತುಪ್ಪ ಬಿತ್ತು. ರಾಜ ಎರಡೂ ಕೈ ಅಡ್ಡ ಹಿಡಿದ, ತಲೆಯಾಡಿಸಿದ, ಕಣ್ಣು ಮೇಲೆ ಮಾಡಿದ. ಹಿಂದಿನ ಸಾಲಿನಿಂದ ನಮ್ಮ ಕಡೆಯ ಹೆಂಗಸೊಬ್ಬಳು, “ಹೆಸರ ಹೇಳು, ಬಿಡ್ತೀವಿ” ಎಂದು ಕೂಗಿದಳು. ಅದನ್ನೇ ಇನ್ನೊಬ್ಬಳು ಎತ್ತಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಅರ್ಧ ಹಾಲು “ಹೆಸರ ಹೇಳು, ಹೆಸರ ಹೇಳು” ಎನ್ನುತ್ತಿತ್ತು. ಆಫೀಸರರೂ ಮೈಮರೆತು ನಗುತ್ತಿದ್ದರು.

ನಾನು ಬರೆದ ನಾಟಕ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವ್ವ ಪಾತ್ರೆ ಹಿಡಿದುಕೊಂಡು ವೇದಿಕೆಯಿಂದ ಕೆಳಗಿಳಿದಳು.

ಅವಳು ನೆಟ್ಟಗೆ ಹೋಗಿ ಆಫೀಸರ್ ಮುಂದೆ ನಿಂತು, “ನೀವೂ ಉಣ್ರಿ ಸಾಹೇಬ್ರ” ಎಂದು ತಟ್ಟೆಗೆ ಒಂದು ಹೋಳಿಗೆ ಹಾಕಿದಳು. ಅವರು ನಗುತ್ತಲೇ ತಿಂದರು. ಚೆನ್ನಾಗಿದೆ ಎಂದು ತಲೆಯಾಡಿಸಿದರು. ಅವ್ವ ಇನ್ನೊಂದು ಹಾಕಿದಳು. ಅದನ್ನು ಮುರಿಯುವಷ್ಟರಲ್ಲಿ ಮತ್ತೊಂದು. ಅವರು ತಟ್ಟೆಯ ಮೇಲೆ ಅಂಗೈ ಹಿಡಿದರು. ಅವ್ವ ಅಂಗೈಯ ಪಕ್ಕದಿಂದ ಇನ್ನೊಂದು ಜಾರಿಸಿದಳು. ಅವರು ತಟ್ಟೆಯನ್ನು ಎಡಕ್ಕೆ ಎಳೆದರು, ಅವಳ ಕೈಯೂ ಎಡಕ್ಕೆ ಹೋಯಿತು. ಹಾಲಿನಲ್ಲಿ ಕೂಗಾಟ ನಿಂತಿತ್ತು. ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಅವ್ವ ತುಪ್ಪದ ಗಿಂಡಿ ಎತ್ತಿದಳು.

“ಸಾಕಮ್ಮಾ, ಸಾಕು” ಎಂದರು ಆಫೀಸರ್. “ಸಾಕು ಸಾಕು, ಸಾಕು ಬಿಡಿ.”

ಅವರ ಮುಖದಲ್ಲಿ ನಗು ಹಾಗೇ ನಿಂತು, ಆಮೇಲೆ ಕಿವಿಯವರೆಗೂ ಕೆಂಪೇರಿತು. ವೇದಿಕೆಯ ಮೇಲೆ ಹೋಳಿಗೆಯ ರಾಶಿಯ ಹಿಂದಿನಿಂದ ನನ್ನ ಹಲಸೂರಿನ ಗೆಳತಿ ಎದ್ದು ನಿಂತು, ಎರಡೂ ಕೈ ಎತ್ತಿ, ಸ್ಕ್ರಿಪ್ಟಿನಲ್ಲಿ ಇಲ್ಲದ ಒಂದು ಸಾಲು ಹೇಳಿದಳು.

“ಪ್ರಜೆಗಳೇ, ಮಾತು ವಾಪಸ್ ಸಿಕ್ತು.”

ಆಮೇಲೆ ಎದ್ದ ಸದ್ದನ್ನು ನಾನು ಆ ಫ್ಯಾಕ್ಟರಿಯಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ. ಮಿಷನ್ನುಗಳ ಸದ್ದು ಮಾತ್ರ ಗೊತ್ತಿದ್ದ ಜಾಗ ಅದು. ಅವ್ವ ಏನೂ ಆಗದವಳಂತೆ ಪಾತ್ರೆಗೆ ಮುಚ್ಚಳ ಹಾಕಿಕೊಂಡು ವಾಪಸು ಬಂದಳು. ನಾನು ಅತ್ತುಬಿಟ್ಟೆ.

ಸೋಮವಾರ ಆಫೀಸರ್ ಕರೆಸಿದರು. ನಾನು ಕುರ್ಚಿಯ ಮುಂದೆ ನಿಂತೆ.

“ಆ ಪದ ಬಂತು” ಎಂದರು.

“ವೇದಿಕೆ ಮೇಲಿಂದ ಬರ್ಲಿಲ್ಲ ಸರ್.”

ಮಾತಿಗೆ ತಪ್ಪುವ ಮನುಷ್ಯರಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಕೆಲಸದಿಂದ ತೆಗೆಯಲಿಲ್ಲ. ಕಾಲರ್ ಲೈನಿನಿಂದ ಬಿಡಿಸಿ, ಯಾರೊಂದಿಗೂ ಮಾತಿಗೆ ಸಿಗದ ಹಾಗೆ ಪ್ಯಾಕಿಂಗಿನ ಮೂಲೆಗೆ ಹಾಕಿದರು. “ಮುಂದಿನ ವರ್ಷ ಬರೀ ಡ್ಯಾನ್ಸ್” ಎಂದರು. ನಾನು ಬಾಗಿಲು ದಾಟುವಾಗ, “ಹೋಳಿಗೆ ಮಾತ್ರ ಚೆನ್ನಾಗಿತ್ತು ಅಂತ ನಿಮ್ಮಮ್ಮಂಗೆ ಹೇಳು” ಎಂದರು.

ನನ್ನನ್ನು ಮೂಲೆಗೆ ಹಾಕಿದ್ದರಿಂದ ಅವರಿಗೇನೂ ಉಪಯೋಗವಾಗಲಿಲ್ಲ. ಡಿಸೆಂಬರಿನ ಒಂದು ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಸೂಪರ್‌ವೈಸರ್ ಎಂದಿನಂತೆ ಬಂದು, “ಇವತ್ತು ಸ್ವಲ್ಪ ಕೋಆಪರೇಷನ್” ಎಂದ. ಎರಡನೇ ಲೈನಿನಲ್ಲಿ ಕಫ್ ಹೊಲಿಯುವ ಹೆಂಗಸೊಬ್ಬಳು ಮಿಷನ್ನಿನ ಮೇಲೆ ಅಂಗೈ ಅಡ್ಡ ಹಿಡಿದಳು, ಎಲೆಯ ಮೇಲೆ ಹಿಡಿದ ಹಾಗೆ. ಪಕ್ಕದವಳೂ ಹಿಡಿದಳು. ನಾನು ಪ್ಯಾಕಿಂಗ್ ಮೂಲೆಯಿಂದ ನೋಡುತ್ತಿದ್ದೆ, ಸಾಲಿಗೆ ಸಾಲೇ ಅಂಗೈಗಳು ಚಾಚಿಕೊಂಡವು. ಅಂದು ನಾವು ಹೊತ್ತಿಗೆ ಸರಿಯಾಗಿ ಮನೆಗೆ ಹೋದೆವು. ಎಲ್ಲ ದಿನವೂ ಹಾಗಾಯಿತೆಂದರೆ ಸುಳ್ಳು. ಎಷ್ಟೋ ದಿನ ಕೂತೇ ಹೊಲಿದರು. ಆದರೆ ಅದನ್ನು ಕೋಆಪರೇಷನ್ ಎಂದು ಕರೆಯುವುದನ್ನು ನಮ್ಮವರು ಬಿಟ್ಟರು. “ಇವತ್ತು ಎಲೆ ತುಂಬಿಸ್ತಾವ್ರೆ” ಎನ್ನುತ್ತಿದ್ದರು.

ಒಂದೆರಡು ವರ್ಷದಲ್ಲಿ ನಾನು ಆ ಕೆಲಸ ಬಿಟ್ಟೆ. ಆಮೇಲೂ ಓದಿದೆ, ಬರೆದೆ. ಪದಗಳನ್ನು ಕತ್ತರಿಸುವ ಸರ್ಕಾರಗಳ ಕಥೆ ಎಲ್ಲಿ ಸಿಕ್ಕರೂ ಬಿಡುವುದಿಲ್ಲ, ಓದುವಾಗ ಅಲ್ಲಿನ ಅಡುಗೆಮನೆ ಎಲ್ಲಿದೆ ಎಂದು ಮೊದಲು ಹುಡುಕುತ್ತೇನೆ. ಇಂಥ ಎಷ್ಟೋ ಕಥೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ಅದಕ್ಕೇ ಆ ಸರ್ಕಾರಗಳು ಗೆಲ್ಲುತ್ತವೆ ಎಂದು ನನ್ನ ನಂಬಿಕೆ, ಯಾರು ಒಪ್ಪಲಿ ಬಿಡಲಿ.

ಕೆಲವು ವರ್ಷಗಳ ನಂತರ ಫೋಟೊ ಇರುವ ಹೊಸ ರೇಷನ್ ಕಾರ್ಡ್ ಮಾಡಿಸಲು ಅವ್ವ, ಅಪ್ಪ, ನಾನು ಮೂವರೂ ಕೆ.ಆರ್. ಪುರಕ್ಕೆ ಹೋದೆವು. ಅದೇ ಊರು, ಅಷ್ಟೇ ಉದ್ದದ ಸಾಲು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು.

“ಯಜಮಾನ್ರ ಹೆಸರೇನ್ ಆಂಟಿ?”

ಅಪ್ಪ ಹೇಳಲು ಗಂಟಲು ಸರಿಮಾಡಿಕೊಂಡ. ನಾನೂ ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಅಪ್ಪನ ಹೆಸರು ಹೇಳಿದಳು. ಸುತ್ತಿ ಬಳಸದೆ, ತಂದೆಯ ಹೆಸರನ್ನೂ ಸೇರಿಸಿ, ಪೂರ್ತಿಯಾಗಿ ಹೇಳಿದಳು. ತನ್ನನ್ನು ಬೇರೆ ಯಾರೋ ಕರೆದರೆಂದುಕೊಂಡು ಅಪ್ಪ ಹಿಂದಿರುಗಿ ನೋಡಿದ. ಹುಡುಗಿ ಏನೂ ತಿಳಿಯದೆ ಟೈಪ್ ಮಾಡಿಕೊಂಡಳು.

ಹೊರಗೆ ಬಂದ ಮೇಲೆ ಕೇಳಿದೆ. “ಏನವ್ವಾ, ಅಪ್ಪನ ಆಯುಷ್ಯ?”

“ಸಾರ್ವಿ ಮ್ಯಾಲಿಂದ ಬಿದ್ದಾಗ ನಾ ಏನು ಹೆಸರು ಹೇಳಿದ್ನೇನು?” ಎಂದಳು. ನಾಲ್ಕು ಹೆಜ್ಜೆ ನಡೆದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಇಷ್ಟು ದಿನ ಸುತ್ತಿ ಬಳಸಿ ಹೇಳಿದೆ. ಸಾಕಾತು.”

ಅಷ್ಟರಲ್ಲಿ ನಮ್ಮ ಬಸ್ಸು ಬಂತು. ಅವ್ವ ನೂಕಿಕೊಂಡು ಹತ್ತಿದಳು, ಹಿಂದೆ ನಾನು. ಸೊಂಟನೋವಿನ ಅಪ್ಪ ದೂರದಲ್ಲೇ ಉಳಿದಿದ್ದ. ಕಂಡಕ್ಟರ್ ಸೀಟಿ ಊದಲು ಹೊರಟ. ಅವ್ವ ಅವನ ಮುಂದೆ ಅಂಗೈ ಅಡ್ಡ ಹಿಡಿದು, ಫುಟ್‌ಬೋರ್ಡಿನಿಂದ ಹೊರಗೆ ಬಾಗಿ, ಇಡೀ ಬಸ್ಸಿಗೆ ಕೇಳುವಂತೆ ಅಪ್ಪನ ಹೆಸರು ಹಿಡಿದು ಕೂಗಿದಳು.

ಅಪ್ಪ ಓಡಿ ಬಂದ.